ಸಿಡಿಗುಂಡು ಯಾರ ಹೆಗಲಿಗೆ?



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಜಾನಪದ ಎಂಬುದು ರೂಢಿ. ಆ ರೂಢಿಯ ನಡುವೆ ಯುದ್ಧದ ವಿಡಿಯೊ ಗೇಮ್‌ಗಳ ಬಗ್ಗೆ ಮಾತಾಡಲು ಅವಕಾಶ ಕೊಟ್ಟಿದ್ದೀರಿ. ನಾನು ಋಣಿ. ಈ ಆಟ ಆಡುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ಜೊತೆ ಕುಳಿತು, ಆಟದ ಒಳಗಿನ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಮಾತ್ರ ಕಡಿಮೆ. ಇಂದು ಆ ಕೆಲಸ ಮಾಡಲು ಬಂದಿದ್ದೇನೆ.

ಈ ವಿಷಯಕ್ಕೆ ನಾವು ಸೇರಿರುವ ಈ ಪಟಾನ್‌ಚೆರುಗಿಂತ ಒಪ್ಪುವ ಊರು ಇನ್ನೊಂದಿಲ್ಲ. ಹೊರಗಿನವರಿಗೆ ಪಟಾನ್‌ಚೆರು ಎಂದರೆ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಜೋಳ, ತೊಗರಿಯ ಹೊಲಗಳು ಅಥವಾ ಕೈಗಾರಿಕಾ ವಸಾಹತು. ಆದರೆ ಇದೇ ಮಂಡಲದ ಭಾನೂರಿನಲ್ಲಿ ಭಾರತ್ ಡೈನಾಮಿಕ್ಸ್ ಸಂಸ್ಥೆಯ ಕಾರ್ಖಾನೆಯಿದೆ. ಟ್ಯಾಂಕನ್ನು ಒಡೆಯುವ ಕ್ಷಿಪಣಿಗಳು ಅಲ್ಲಿ ತಯಾರಾಗುತ್ತವೆ. ಪಕ್ಕದ ಎದ್ದುಮೈಲಾರಂನಲ್ಲಿ 1984ರಲ್ಲಿ ಆರಂಭವಾದ ಆರ್ಡ್‌ನೆನ್ಸ್ ಫ್ಯಾಕ್ಟರಿಯಿದೆ. ಸೈನಿಕರನ್ನು ಹೊತ್ತೊಯ್ಯುವ ‘ಸಾರಥ್’ ವಾಹನ, ಎಂದರೆ ರಷ್ಯಾ ಮೂಲದ ಬಿಎಂಪಿ-2, ಅಲ್ಲಿಂದ ಹೊರಬರುತ್ತದೆ. ಇದೇ ಬಿಎಂಪಿ-2 ‘ಆರ್ಮಾ 2’ರಲ್ಲಿದೆ, ‘ಸ್ಕ್ವಾಡ್’ನಲ್ಲಿದೆ, ಅದರ ಸುಧಾರಿತ ರೂಪ ‘ಬ್ಯಾಟಲ್‌ಫೀಲ್ಡ್ 3’ರಲ್ಲಿದೆ. ಅಪ್ಪ ಪಾಳಿ ಮುಗಿಸಿ ಬರುವ ಹೊತ್ತಿಗೆ ಮಗ ಪರದೆಯ ಮೇಲೆ ಅದೇ ವಾಹನಕ್ಕೆ ರಾಕೆಟ್ ಹೊಡೆಯುತ್ತಿರಬಹುದು.

ಆ ವಾಹನ ಒಂದು ರಾಕೆಟ್‌ಗೆ ಒಡೆಯಬೇಕೋ ಎರಡಕ್ಕೋ, ಗ್ರೆನೇಡ್ ಬಿದ್ದಲ್ಲಿ ಎಷ್ಟು ಮೀಟರ್ ದೂರದವನು ಸಾಯಬೇಕು, ಒಬ್ಬ ಆಟಗಾರ ಎಷ್ಟು ಗ್ರೆನೇಡ್ ಹೊರಬಹುದು, ಇವೆಲ್ಲವನ್ನೂ ಯಾರೋ ಕುಳಿತು ತೀರ್ಮಾನಿಸಿರುತ್ತಾರೆ. ಆಟ ಕಟ್ಟುವವರು ಇದನ್ನು ಬ್ಯಾಲೆನ್ಸಿಂಗ್ ಎನ್ನುತ್ತಾರೆ. ನಾನು ಹದ ಎನ್ನುತ್ತೇನೆ. ನನ್ನ ವಾದ ಇಷ್ಟೇ: ಸ್ಫೋಟಕದ ಹದ ಇರುವುದು ಅದರ ಏಟಿನ ಅಂಕಿಯಲ್ಲಿ ಅಲ್ಲ, ಅದನ್ನು ಹೊತ್ತವನು ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟ ಎಂಬುದರಲ್ಲಿ.

ಮೊದಲು ಗುಂಡಿಗೂ ಸ್ಫೋಟಕ್ಕೂ ಇರುವ ವ್ಯತ್ಯಾಸ ನೋಡೋಣ. ಗುಂಡು ಒಂದು ಗೆರೆ, ಸ್ಫೋಟ ಒಂದು ವೃತ್ತ. ಗುಂಡು ಹೊಡೆಯಬೇಕಾದರೆ ನಾನು ನಿಮ್ಮನ್ನು ನೋಡಬೇಕು. ನಾನು ನೋಡಿದರೆ ನೀವೂ ನನ್ನನ್ನು ನೋಡಬಹುದು. ಆಟದ ನ್ಯಾಯ ನಿಂತಿರುವುದು ಈ ಪರಸ್ಪರ ನೋಟದ ಮೇಲೆ. ಸ್ಫೋಟಕಕ್ಕೆ ಆ ಹಂಗಿಲ್ಲ. ಗೋಡೆಯ ಆಚೆಯಿಂದ, ಮಾಳಿಗೆಯ ಮೇಲಿಂದ, ಮೂಲೆ ತಿರುಗಿಸಿ ಎಸೆಯಬಹುದು. ಸತ್ತವನಿಗೆ ತಾನು ಏನು ತಪ್ಪು ಮಾಡಿದೆ ಎಂಬುದೇ ತಿಳಿಯುವುದಿಲ್ಲ. ಆಟ ಬಿಟ್ಟು ಹೋಗುವಂತೆ ಮಾಡುವುದು ಸೋಲಲ್ಲ, ಈ ತಿಳಿಯದಿರುವಿಕೆ.

ಇನ್ನು ಲೆಕ್ಕ. ಗ್ರೆನೇಡಿನ ತ್ರಿಜ್ಯ 5 ಮೀಟರ್ ಇದ್ದದ್ದನ್ನು 6 ಮಾಡಿದರೆ ಹೆಚ್ಚಿದ್ದು ಒಂದೇ ಮೀಟರ್ ಎನಿಸುತ್ತದೆ. ವೃತ್ತದ ವಿಸ್ತೀರ್ಣ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ನಿಜವಾಗಿ ಹೆಚ್ಚಿದ್ದು ಶೇ 44. ಮಹಡಿಗಳಿರುವ ಕಟ್ಟಡದಲ್ಲಿ ಗೋಳದ ಗಾತ್ರ ಹಿಡಿದರೆ ಶೇ 73ರ ಹತ್ತಿರ. ಇದಕ್ಕೆ ಜನದಟ್ಟಣೆಯನ್ನು ಸೇರಿಸಿ. ಬಯಲಿನ ಭೂಪಟದಲ್ಲಿ ಸಾವಿರ ಚದರ ಮೀಟರಿಗೆ ಒಬ್ಬ ಆಟಗಾರ ಇದ್ದಾನೆ ಎಂದುಕೊಳ್ಳೋಣ. 5 ಮೀಟರಿನ ಸ್ಫೋಟ ಎಲ್ಲೋ ಒಂದು ಕಡೆ ಬಿದ್ದರೆ ಅದರೊಳಗೆ ಒಬ್ಬನೂ ಇರದಿರುವುದೇ ಹೆಚ್ಚು. ಇಕ್ಕಟ್ಟಾದ ಓಣಿಯಲ್ಲಿ 20 ಚದರ ಮೀಟರಿಗೆ ಒಬ್ಬನಿದ್ದರೆ ಅದೇ ಗ್ರೆನೇಡಿನ ಅಡಿಯಲ್ಲಿ ನಾಲ್ವರು. ಗ್ರೆನೇಡ್ ಬದಲಾಗಿಲ್ಲ, ಅಂಕಿ ಬದಲಾಗಿಲ್ಲ, ಭೂಪಟ ಬದಲಾಯಿತು. 2011ರ ಬ್ಯಾಟಲ್‌ಫೀಲ್ಡ್ 3ರಲ್ಲಿ ಪ್ಯಾರಿಸ್‌ನ ಮೆಟ್ರೊ ಸುರಂಗದ ‘ಆಪರೇಷನ್ ಮೆಟ್ರೊ’ ಭೂಪಟದಲ್ಲಿ ಕಂಪ್ಯೂಟರಿನಲ್ಲಿ ಆಡುವ 64 ಜನ ಒಂದೇ ಓಣಿಯಲ್ಲಿ ಎದುರುಬದುರಾಗುತ್ತಿದ್ದರು. ಅಲ್ಲಿ ಆಡಿದವರಿಗೆ ನಾನು ಹೇಳುತ್ತಿರುವುದು ಎಂಥ ನರಕ ಎಂದು ಗೊತ್ತು.

ಈಗ ಭಾನೂರಿಗೆ ಬರೋಣ. ಅಲ್ಲಿ ತಯಾರಾಗುವ ಕೊಂಕೂರ್ಸ್-ಎಂ ಕ್ಷಿಪಣಿಯ ವ್ಯಾಪ್ತಿ 75 ಮೀಟರಿನಿಂದ 4,000 ಮೀಟರ್. ಮೊದಲ ಅಂಕಿಯನ್ನು ದಯವಿಟ್ಟು ಗಮನಿಸಿ. ಎಪ್ಪತ್ತೈದು ಮೀಟರಿಗಿಂತ ಹತ್ತಿರದ ಗುರಿಗೆ ಅದು ಆಗಿಬರುವುದಿಲ್ಲ. ಕ್ಷಿಪಣಿಯ ಹಿಂದೆ ಸಣ್ಣ ತಂತಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಾರಿಸಿದವನು ಗುರಿ ಮುಟ್ಟುವವರೆಗೂ ದೂರದರ್ಶಕದ ಗುರುತನ್ನು ವಾಹನದ ಮೇಲೇ ಹಿಡಿದಿರಬೇಕು. ಸೆಕೆಂಡಿಗೆ ಸುಮಾರು 200 ಮೀಟರ್ ವೇಗ, ಹಾಗಾಗಿ ನಾಲ್ಕು ಕಿಲೋಮೀಟರಿಗೆ ಹೆಚ್ಚುಕಡಿಮೆ 20 ಸೆಕೆಂಡ್. ಅಷ್ಟು ಹೊತ್ತು ಅವನು ಅಲುಗಾಡುವಂತಿಲ್ಲ, ಅಡಗುವಂತಿಲ್ಲ. ಟ್ಯಾಂಕಿನವನಿಗೆ ಕ್ಷಿಪಣಿ ಕಂಡರೆ ಹೊಗೆ ಎಬ್ಬಿಸಲು, ದಿಬ್ಬದ ಹಿಂದೆ ಜಾರಲು, ಬಂದ ದಿಕ್ಕಿಗೆ ಗುಂಡಿನ ಮಳೆ ಸುರಿಸಲು ಸಮಯ ಸಿಗುತ್ತದೆ. ಎದ್ದುಮೈಲಾರಂನ ಸಾರಥ್ ವಾಹನದ ಮೇಲೂ ಇದೇ ಬಗೆಯ ಕ್ಷಿಪಣಿಯನ್ನು ಕೂರಿಸುತ್ತಾರೆ. ಒಂದು ವಾಹನ, ಮೂವರು ಚಾಲಕ ಸಿಬ್ಬಂದಿ, ಏಳು ಜನ ಕಾಲಾಳು. ಒಂದು ದೊಡ್ಡ ಸ್ಫೋಟಕದ ಸುತ್ತ ಹತ್ತು ಜನರ ದುಡಿಮೆ.

ಕನಿಷ್ಠ ದೂರ, ಹಾರಾಟದ ಸಮಯ, ಬಯಲಾಗಿ ಕೂರಬೇಕಾದ ಕಷ್ಟ, ಜೊತೆಗಾರರ ಅಗತ್ಯ: ಆಟ ಕಟ್ಟುವವನು ಹುಡುಕುತ್ತಿರುವ ನಿಯಮಗಳೆಲ್ಲ ನಿಜವಾದ ಆಯುಧದಲ್ಲೇ ಇವೆ. ಎಂಜಿನಿಯರನಿಗೆ ಅವು ಮಿತಿಗಳು, ಆಟದವನಿಗೆ ಅವೇ ಬಂಡವಾಳ. ಆಟಗಳು ಅವುಗಳನ್ನು ಕಿತ್ತುಹಾಕಿದಾಗಲೇ ಹದ ಕೆಡುತ್ತದೆ. 84 ಮಿಲಿಮೀಟರಿನ ಕಾರ್ಲ್ ಗುಸ್ತಾಫ್ ಭಾರತೀಯ ಸೇನೆಯಲ್ಲಿ 1976ರಿಂದ ಇದೆ. ಅದನ್ನು ಇಬ್ಬರು ನಡೆಸುತ್ತಾರೆ, ಒಬ್ಬ ಹೊಡೆಯುವವನು, ಇನ್ನೊಬ್ಬ ತುಂಬುವವನು. ಹಿಂದಿನಿಂದ ಹೊಮ್ಮುವ ಉರಿಗೆ ಸಿಕ್ಕವನಿಗೆ ಉಳಿಗಾಲವಿಲ್ಲ. 2010ರ ‘ಬ್ಯಾಟಲ್‌ಫೀಲ್ಡ್: ಬ್ಯಾಡ್ ಕಂಪನಿ 2’ರಲ್ಲಿ ಅದೇ ಆಯುಧವನ್ನು ಒಬ್ಬನೇ ಹೊತ್ತು, ಒಬ್ಬನೇ ತುಂಬಿ, ಮನೆಯೊಳಗೆ ನಿಂತು, ಎದುರಿನ ಒಂಟಿ ಕಾಲಾಳಿನ ಪಾದದ ಬಳಿ ಹೊಡೆಯಬಹುದಿತ್ತು. ಟ್ಯಾಂಕಿಗೆಂದು ಕೊಟ್ಟದ್ದು ಮನುಷ್ಯನ ಬೇಟೆಗೆ ಬಳಕೆಯಾಯಿತು. ಆಟಗಾರರು ಬೈದದ್ದು ಅದನ್ನು ಬಳಸಿದವನನ್ನು. ಬೈಸಿಕೊಳ್ಳಬೇಕಾದದ್ದು ಎರಡನೆಯ ಮನುಷ್ಯನನ್ನು ಅಳಿಸಿಹಾಕಿದ ವಿನ್ಯಾಸ.

ಸ್ಫೋಟಕದ ಮೊದಲ ಕೆಲಸ ತಡೆಯನ್ನು ಒಡೆಯುವುದು. ಇಲ್ಲಿಂದ ಜಹೀರಾಬಾದ್ ದಾಟಿದರೆ ಸಿಗುವ ಬೀದರ್‌ನಿಂದ ಹೊರಟ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆಯ ಬುಡಕ್ಕೆ ಸುರಂಗ ತೋಡಿಸಿ ಮದ್ದು ಇಡಿಸಿದ ಎಂದು ಇತಿಹಾಸಕಾರ ಫೆರಿಶ್ತಾ ದಾಖಲಿಸಿದ್ದಾನೆ. ಗುರಿ ಗೋಡೆ, ಮನುಷ್ಯನಲ್ಲ. ಗೋಡೆ ಬಿದ್ದ ಮೇಲೆ ಒಳಗೆ ನುಗ್ಗುವ ಕೆಲಸ ಬೇರೆಯವರದು. ಬ್ಯಾಡ್ ಕಂಪನಿ ಸರಣಿಯ ಒಳ್ಳೆಯ ಗುಣವೂ ಇದೇ ಆಗಿತ್ತು, ಇದನ್ನು ಹೇಳದಿದ್ದರೆ ಅನ್ಯಾಯವಾದೀತು: ಅಲ್ಲಿ ಗೋಡೆಗಳು ನಿಜವಾಗಿ ಕುಸಿಯುತ್ತಿದ್ದವು. ಸ್ಫೋಟಕಕ್ಕೆ ಮಾಡಲು ಕೆಲಸವಿದ್ದರೆ ಆಟಗಾರ ಅದನ್ನು ಆ ಕೆಲಸಕ್ಕೆ ಉಳಿಸಿಕೊಳ್ಳುತ್ತಾನೆ. ಕೆಲಸವೇ ಇಲ್ಲದ ಆಟದಲ್ಲಿ ಅದು ಮನುಷ್ಯರ ಮೇಲೇ ಬೀಳುತ್ತದೆ.

ಈಗ ಲೋಡ್‌ಔಟ್, ಎಂದರೆ ಆಟಕ್ಕೆ ಇಳಿಯುವ ಮೊದಲು ಆರಿಸಿ ಹೊತ್ತುಕೊಳ್ಳುವ ಸರಂಜಾಮು. ಹಿರಿಯರಿಗೆ ಇದು ಒಗಟಿನಂತೆ ಕೇಳಿಸಬಹುದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 2007ರ ‘ಕಾಲ್ ಆಫ್ ಡ್ಯೂಟಿ 4’ರಲ್ಲಿ ಆಟಗಾರನಿಗೆ ಬಂದೂಕುಗಳ ಜೊತೆಗೆ ಮೂರು ಪರ್ಕ್‌ಗಳು, ಎಂದರೆ ಮೂರು ವಿಶೇಷ ಅನುಕೂಲಗಳು ಸಿಗುತ್ತಿದ್ದವು. ಮೂರು ಗ್ರೆನೇಡ್ ಬೇಕೇ, ಎರಡು ರಾಕೆಟ್ ಬೇಕೇ, ನೆಲಬಾಂಬ್ ಬೇಕೇ, ಎಲ್ಲವೂ ಮೊದಲನೆಯ ಪರ್ಕ್‌ನ ಜಾಗದಲ್ಲಿ. ಒಂದನ್ನು ತೆಗೆದುಕೊಂಡರೆ ಇನ್ನೊಂದಿಲ್ಲ. ಬಂದೂಕಿನ ನಳಿಕೆಯ ಕೆಳಗೆ ಗ್ರೆನೇಡ್ ಲಾಂಚರ್ ಕಟ್ಟಿಕೊಂಡರೆ ಆ ಜಾಗವೇ ಹೋಯಿತು. ಇದು ಚೊಕ್ಕ ವ್ಯಾಪಾರ. ಸ್ಫೋಟಕ ಹೊತ್ತವನು ಏನನ್ನೋ ಕಳೆದುಕೊಂಡಿದ್ದಾನೆ ಎಂದು ಎದುರಾಳಿಗೆ ಗೊತ್ತಿರುತ್ತಿತ್ತು. ಲಾಂಚರಿನ ಗ್ರೆನೇಡ್ ತೀರಾ ಹತ್ತಿರದಲ್ಲಿ ಸಿಡಿಯುತ್ತಲೂ ಇರಲಿಲ್ಲ. ನಿಜವಾದ 40 ಮಿಲಿಮೀಟರ್ ಗ್ರೆನೇಡ್ ಕೂಡ ನಳಿಕೆ ಬಿಟ್ಟು ಒಂದಷ್ಟು ಮೀಟರ್ ಹಾರಿದ ಮೇಲೆಯೇ ಸಿಡಿಯಲು ಸಿದ್ಧವಾಗುತ್ತದೆ.

ಎರಡೇ ವರ್ಷದಲ್ಲಿ ಈ ವ್ಯಾಪಾರ ಮುರಿಯಿತು. 2009ರ ‘ಮಾಡರ್ನ್ ವಾರ್‌ಫೇರ್ 2’ರಲ್ಲಿ ‘ಒನ್ ಮ್ಯಾನ್ ಆರ್ಮಿ’ ಎಂಬ ಪರ್ಕ್ ಬಂತು. ಪಕ್ಕದ ಸಣ್ಣ ಬಂದೂಕನ್ನು ಬಿಟ್ಟುಕೊಟ್ಟರೆ ಆಟದ ನಡುವೆಯೇ ಕ್ಲಾಸನ್ನು, ಎಂದರೆ ಮೊದಲೇ ಜೋಡಿಸಿಟ್ಟ ಸರಂಜಾಮನ್ನು, ಬದಲಿಸಬಹುದು ಎಂಬುದು ಅದರ ಉದ್ದೇಶ. ಆಟಗಾರರು ಕಂಡುಕೊಂಡದ್ದು ಬೇರೆ: ಅದೇ ಕ್ಲಾಸನ್ನೇ ಮತ್ತೆ ಆರಿಸಿದರೆ ಖಾಲಿಯಾದ ಲಾಂಚರ್ ಮತ್ತೆ ತುಂಬುತ್ತದೆ. ಸ್ಫೋಟದ ಏಟನ್ನು ಹೆಚ್ಚಿಸುವ ‘ಡೇಂಜರ್ ಕ್ಲೋಸ್’ ಅದಕ್ಕೆ ಜೊತೆಯಾಯಿತು. ಒಬ್ಬನೇ ಒಂದು ಮೂಲೆಯಲ್ಲಿ ನಿಂತು, ಯಾರ ನೆರವೂ ಇಲ್ಲದೆ, ಮುಗಿಯದಷ್ಟು ಗ್ರೆನೇಡ್ ಹಾರಿಸಬಹುದಾಯಿತು. ಒಂದು ಏಟು ಎಷ್ಟು ಬಲವಾದದ್ದು ಎಂಬುದು ಇಲ್ಲಿ ದೊಡ್ಡ ತೊಂದರೆಯಾಗಿರಲಿಲ್ಲ. ಪೂರೈಕೆಗೆ ಕೊನೆಯಿರಲಿಲ್ಲ, ಅದು ಯಾರ ಕೈಯನ್ನೂ ದಾಟಿ ಬರಬೇಕಿರಲಿಲ್ಲ, ಕೇಡು ಇದ್ದದ್ದು ಅಲ್ಲಿ. ಮರುವರ್ಷದ ‘ಬ್ಲ್ಯಾಕ್ ಆಪ್ಸ್’ ಸ್ಫೋಟವನ್ನು ತಾಳಿಕೊಳ್ಳುವ ‘ಫ್ಲ್ಯಾಕ್ ಜಾಕೆಟ್’ ಎಂಬ ಪರ್ಕ್ ಕೊಟ್ಟಿತು. ಅದು ಉಪಕಾರವೇ ಸರಿ. ಆದರೆ ಸ್ಫೋಟಕದ ಬೆಲೆಯನ್ನು ಎಸೆಯುವವನಿಂದ ತೆಗೆದು ಏಟು ತಿನ್ನುವವನ ಹೆಗಲಿಗೆ ಹಾಕಿದ ಉಪಕಾರ. ನನಗೆ ಅದು ಒಪ್ಪಿಗೆಯಿಲ್ಲ.

ಪೂರೈಕೆಯ ಲೆಕ್ಕವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬೇಕು. ಒಂದು ಪಕ್ಷದಲ್ಲಿ 32 ಜನ. ಮದ್ದಿನ ಪೆಟ್ಟಿಗೆಯ ಪಕ್ಕ ನಿಂತರೆ 20 ಸೆಕೆಂಡಿಗೆ ಒಂದು ಗ್ರೆನೇಡ್ ಸಿಗುತ್ತದೆ ಎಂದುಕೊಳ್ಳಿ. ನಿಮಿಷಕ್ಕೆ 96 ಗ್ರೆನೇಡ್. ಅದನ್ನೇ 60 ಸೆಕೆಂಡ್ ಮಾಡಿದರೆ 32. ಏಟು, ತ್ರಿಜ್ಯ ಯಾವುದನ್ನೂ ಮುಟ್ಟದೆ ಮೂರರಲ್ಲಿ ಎರಡು ಪಾಲು ಸ್ಫೋಟ ಇಲ್ಲವಾಯಿತು. ಉಳಿದ ಒಂದೊಂದಕ್ಕೂ ಬೆಲೆ ಬಂತು. ಮೊದಲ ಮಹಾಯುದ್ಧದ ಕಥೆಯಿರುವ 2016ರ ‘ಬ್ಯಾಟಲ್‌ಫೀಲ್ಡ್ 1’ರಲ್ಲಿ ಗ್ರೆನೇಡಿನ ಸುರಿಮಳೆಗೆ ಆಟಗಾರರು ಬೇಸತ್ತಾಗ ಅದನ್ನು ಕಟ್ಟಿದ ಡೈಸ್ ಸ್ಟುಡಿಯೊ ಮರುಪೂರೈಕೆಯನ್ನು ನಿಧಾನಗೊಳಿಸಿತು. ಸರಿಯಾದ ಗುಂಡಿಯನ್ನೇ ಒತ್ತಿದರು ಎನ್ನುತ್ತೇನೆ. ಏಟು ತಗ್ಗಿಸಿದ ಗ್ರೆನೇಡ್ ಯಾರಿಗೂ ಬೇಡ. ಅಪರೂಪವಾದ ಗ್ರೆನೇಡನ್ನು ಎಸೆಯುವ ಮುನ್ನ ಯೋಚಿಸುತ್ತಾರೆ.

ಈ ವಿಚಾರದಲ್ಲಿ ಬ್ಯಾಟಲ್‌ಫೀಲ್ಡ್ ಸರಣಿಯ ಕ್ಲಾಸ್‌ಗಳ, ಎಂದರೆ ಆಟಗಾರರಿಗೆ ಹಂಚಿಕೊಟ್ಟ ಪಾತ್ರಗಳ, ಚರಿತ್ರೆ ಬಹಳ ಕಲಿಸುತ್ತದೆ. 2002ರ ‘ಬ್ಯಾಟಲ್‌ಫೀಲ್ಡ್ 1942’ರಲ್ಲಿ ಐದು ಕ್ಲಾಸ್: ಸ್ಕೌಟ್, ಅಸಾಲ್ಟ್, ಆ್ಯಂಟಿ-ಟ್ಯಾಂಕ್, ಮೆಡಿಕ್, ಎಂಜಿನಿಯರ್. 2005ರ ‘ಬ್ಯಾಟಲ್‌ಫೀಲ್ಡ್ 2’ರಲ್ಲಿ ಏಳು. ಟ್ಯಾಂಕ್ ಹೊಡೆಯುವವನು ಟ್ಯಾಂಕ್ ರಿಪೇರಿ ಮಾಡಲಾರ, ಮದ್ದು ಹಂಚುವವನು ಗಾಯಾಳುವನ್ನು ಎಬ್ಬಿಸಲಾರ. ಮುಂದೆ ಏಳು ನಾಲ್ಕಾಯಿತು: ರಾಕೆಟ್ಟೂ ರಿಪೇರಿಯೂ ಒಬ್ಬ ಎಂಜಿನಿಯರನಿಗೆ, ಮದ್ದಿನ ಪೆಟ್ಟಿಗೆಯೂ ಸಿ4 ಸ್ಫೋಟಕವೂ ಒಬ್ಬ ಸಪೋರ್ಟ್‌ಗೆ. ಇದರ ದೋಷ ನೋಡಿ. ಮದ್ದು ಹಂಚುವವನೇ ಸ್ಫೋಟಕ ಹೊತ್ತರೆ ತನ್ನ ಪೆಟ್ಟಿಗೆಯಿಂದ ತಾನೇ ತುಂಬಿಕೊಳ್ಳುತ್ತಾನೆ, ಅವನಿಗೆ ಇನ್ನೊಬ್ಬನ ಅಗತ್ಯವಿಲ್ಲ. ಕೊನೆಗೆ 2021ರ ‘ಬ್ಯಾಟಲ್‌ಫೀಲ್ಡ್ 2042’ ಕ್ಲಾಸ್‌ಗಳನ್ನೇ ತೆಗೆದು, ಯಾರು ಬೇಕಾದರೂ ಯಾವ ಬಂದೂಕನ್ನಾದರೂ ಯಾವ ಸ್ಫೋಟಕವನ್ನಾದರೂ ಹೊರಬಹುದು ಎಂದಿತು. ಹೆಸರಿಗೆ ಸ್ವಾತಂತ್ರ್ಯ. ಆಡಿದಾಗ ಕಂಡದ್ದು ಒಟ್ಟಿಗೆ ಓಡುವ 64 ಒಂಟಿಗಳು. ಆಟಗಾರರು ತಿರುಗಿಬಿದ್ದರು; 2023ರ ಆರಂಭದಲ್ಲಿ ಅದೇ ಆಟಕ್ಕೆ ನಾಲ್ಕು ಕ್ಲಾಸ್‌ಗಳನ್ನು ಮರಳಿ ತಂದರು.

‘ಟೀಮ್ ಫೋರ್ಟ್ರೆಸ್ 2’ ಇದಕ್ಕೆ ಬೇರೆ ಉತ್ತರ ಕೊಟ್ಟಿತು. ಅಲ್ಲಿಯ ಡೆಮೊಮ್ಯಾನ್‌ಗೆ ಸ್ಫೋಟಕವೇ ಬದುಕು, ನೇರ ಗುಂಡು ಹೊಡೆಯುವ ಬಂದೂಕೇ ಇಲ್ಲ. ನೆಲಕ್ಕೆ ಅಂಟಿಸುವ ಬಾಂಬ್ ಒಮ್ಮೆಗೆ ಎಂಟು ಮಾತ್ರ. ಒಂಬತ್ತು ಕ್ಲಾಸ್‌ಗಳನ್ನೂ ನೆರಳಿನ ಆಕಾರದಿಂದಲೇ ಗುರುತಿಸುವಂತೆ ಚಿತ್ರಿಸಿದ್ದಾರೆ, ಹಾಗಾಗಿ ದೂರದಲ್ಲಿ ಬರುವವನು ಏನು ಹೊತ್ತಿದ್ದಾನೆಂದು ಎದುರಾಳಿಗೆ ಮೊದಲೇ ತಿಳಿಯುತ್ತದೆ. ‘ಕೌಂಟರ್-ಸ್ಟ್ರೈಕ್’ನಲ್ಲಿ ಕ್ಲಾಸ್ ಇಲ್ಲ, ಹಣವಿದೆ: ಗ್ರೆನೇಡಿಗೆ 300 ಡಾಲರ್, ಎದೆಕವಚಕ್ಕೆ 650. ಸೋತ ಸುತ್ತಿನ ಮರುಸುತ್ತಿಗೆ ಮುನ್ನೂರು ಕೂಡ ಭಾರ. ನಮ್ಮ ಹುಡುಗರು ಹೆಚ್ಚಾಗಿ ಆಡುವ ಬಿಜಿಎಂಐ, 2020ರ ಸೆಪ್ಟೆಂಬರಿನಲ್ಲಿ ನಿಷೇಧಗೊಂಡ ಪಬ್‌ಜಿ ಮೊಬೈಲ್‌ನ ಜಾಗಕ್ಕೆ 2021ರ ಜುಲೈಯಲ್ಲಿ ಬಂದ ಆಟ, ಕ್ಲಾಸನ್ನೂ ಹಣವನ್ನೂ ಬಿಟ್ಟು ಬೆನ್ನಿನ ಚೀಲವನ್ನು ನಂಬಿದೆ. ಗ್ರೆನೇಡ್ ತುಂಬಿದರೆ ಗುಂಡಿಗೆ, ಮದ್ದಿಗೆ, ಬ್ಯಾಂಡೇಜಿಗೆ ಜಾಗವಿಲ್ಲ. ದೂರ ಹೊರಡುವಾಗ ಅಮ್ಮ ರೊಟ್ಟಿಯ ಗಂಟು ಕಟ್ಟುವ ವಿವೇಕವೇ ಇದು. ಹದಿನಾಲ್ಕು ವರ್ಷದ ಹುಡುಗ ಅದನ್ನು ಯಾರೂ ಹೇಳಿಕೊಡದೆ ಕಲಿತಿರುತ್ತಾನೆ.

ಸ್ಫೋಟಕ ಹೊತ್ತವರು ಬೇರೆ, ಅವರನ್ನು ಕಾಯುವವರು ಬೇರೆ ಎಂಬ ವ್ಯವಸ್ಥೆ ಕನ್ನಡ ನೆಲಕ್ಕೆ ಹೊಸದಲ್ಲ. ಹೈದರ್ ಮತ್ತು ಟಿಪ್ಪು ಸೈನ್ಯಗಳಲ್ಲಿ ಕಬ್ಬಿಣದ ಕೊಳವೆಯ ರಾಕೆಟ್ ಹಾರಿಸುವವರ ಪ್ರತ್ಯೇಕ ತಂಡಗಳು ಕಾಲಾಳುಗಳ ಪಡೆಗೆ ಹೊಂದಿಕೊಂಡು ನಡೆಯುತ್ತಿದ್ದವು. 1780ರ ಪೊಳ್ಳಿಲೂರು ಯುದ್ಧದಲ್ಲಿ ಅವು ಬ್ರಿಟಿಷರನ್ನು ಕಂಗೆಡಿಸಿದವು. ಒಂದೊಂದೇ ರಾಕೆಟ್ ಎಲ್ಲಿ ಹೋಗಿ ಬೀಳುವುದೋ ಹಾರಿಸಿದವನಿಗೂ ಗೊತ್ತಿಲ್ಲ. ಗುಂಪಾಗಿ ಹಾರಿಸಿದರೆ ಕುದುರೆಗಳ ಸಾಲು ಚದುರುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಬಾವಿಯಿಂದ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್‌ಗಳನ್ನು ಪುರಾತತ್ವ ಇಲಾಖೆಯವರು ಮೇಲೆತ್ತಿದರು. ಒಂಟಿಯಾಗಿ ದುರ್ಬಲ, ಕೂಡಿದಾಗ ಬಲಿಷ್ಠ: ಇದನ್ನಿಟ್ಟುಕೊಂಡು ಒಂದು ಕ್ಲಾಸ್ ಕಟ್ಟಬಹುದು. ಇಲ್ಲಿರುವ ಹುಡುಗಿಯರು, ಹುಡುಗರು ಯಾರಾದರೂ ಕಟ್ಟಿದರೆ ನನಗೆ ಬಹಳ ಸಂತೋಷ.

ಬೆಂಗಳೂರಿನ ಒಂದು ಆಟವನ್ನೂ ಇಲ್ಲಿ ನೆನೆಯಬೇಕು. ಎನ್‌ಕೋರ್ ಗೇಮ್ಸ್ 2021ರ ಗಣರಾಜ್ಯೋತ್ಸವದಂದು ಬಿಡುಗಡೆ ಮಾಡಿದ ‘ಫೌ-ಜಿ’ ಗಾಲ್ವಾನ್ ಕಣಿವೆಯ ಕಥೆಯಿಂದ ಆರಂಭವಾಯಿತು. ಮೊದಲಿಗೆ ಅದರಲ್ಲಿ ಬಂದೂಕೂ ಇರಲಿಲ್ಲ, ಬಾಂಬೂ ಇರಲಿಲ್ಲ. ಕೈ, ದೊಣ್ಣೆಗಳ ಹೊಡೆದಾಟ. ಅನೇಕರು ನಿರಾಶರಾದರು. ಹಾಗಿದ್ದುದಕ್ಕೆ ಕಾರಣವಿತ್ತು. ಭಾರತ ಮತ್ತು ಚೀನಾ 1996ರಲ್ಲಿ ಮಾಡಿಕೊಂಡ ಒಪ್ಪಂದದಂತೆ ವಾಸ್ತವಿಕ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರಿನೊಳಗೆ ಗುಂಡು ಹಾರಿಸುವಂತಿಲ್ಲ, ಸ್ಫೋಟ ನಡೆಸುವಂತಿಲ್ಲ. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಅವರ ನಾಯಕ ಕರ್ನಲ್ ಸಂತೋಷ್ ಬಾಬು ಇದೇ ತೆಲಂಗಾಣದ ಸೂರ್ಯಾಪೇಟೆಯವರು. ಆ ಸಾವುಗಳನ್ನು ಆಟದ ಹದದ ಜೊತೆ ತೂಗಲು ನಾನು ಸಿದ್ಧನಿಲ್ಲ. ನಿಜವಾದ ನಿಯಮ ಜೀವಕ್ಕಾಗಿ, ಆಟದ ನಿಯಮ ಆಟಕ್ಕಾಗಿ. ಆದರೆ ಒಂದು ಸ್ಥಳದ ನಿಯಮವನ್ನು ಗೌರವಿಸಿ, ಕೈಗೆ ಸುಲಭವಾಗಿ ಸಿಗುವ ಸ್ಫೋಟಕವನ್ನು ಹೊರಗಿಟ್ಟು ಆಟ ಶುರುಮಾಡಿದ್ದು ಧೈರ್ಯದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಕೆಲವೇ ತಿಂಗಳಲ್ಲಿ ಬಂದೂಕಿನ ಆಟವನ್ನೂ ಅದಕ್ಕೆ ಸೇರಿಸಿದರು.

ಕೊನೆಯದಾಗಿ, ಆಟ ಕಟ್ಟಬೇಕೆಂದಿರುವ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಇದಕ್ಕೆ ದೊಡ್ಡ ಸ್ಟುಡಿಯೊ ಬೇಡ. ಗೋಡೋ ಎಂಜಿನ್ ಉಚಿತ, ಕಾಲೇಜಿನ ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಒಂದು ಸಣ್ಣ ಓಣಿ, ಎರಡು ಪಕ್ಷ, ಒಂದು ಗ್ರೆನೇಡ್ ಸಾಕು. ಎಷ್ಟು ಜನ ಸತ್ತರು ಎಂದು ಎಲ್ಲರೂ ಎಣಿಸುತ್ತಾರೆ. ನೀವು ಬೇರೆ ಮೂರು ಸಂಗತಿ ಬರೆದಿಡಿ: ಸ್ಫೋಟಕ್ಕೆ ಮುನ್ನ ಸತ್ತವನ ಪರದೆಯ ಮೇಲೆ ಅಥವಾ ಕಿವಿಗೆ ಸೂಚನೆ ಎಷ್ಟು ಸೆಕೆಂಡ್ ಇತ್ತು, ಓಡಲು ದಾರಿ ಇತ್ತೇ, ಎಸೆದವನಿಗೆ ಆ ಗ್ರೆನೇಡ್ ಎಲ್ಲಿಂದ ಬಂತು. 2005ರ ಕಾಲ್ ಆಫ್ ಡ್ಯೂಟಿ 2ರಲ್ಲಿ ಹತ್ತಿರ ಬಿದ್ದ ಗ್ರೆನೇಡಿನ ದಿಕ್ಕು ತೋರಿಸುವ ಗುರುತು ಬಂದದ್ದು ಮೊದಲ ಪ್ರಶ್ನೆಗೆ ಉತ್ತರವಾಗಿ. ದೂರು ಬಂದ ಕೂಡಲೇ ಏಟಿನ ಅಂಕಿಗೆ ಕೈ ಹಾಕಬೇಡಿ. ಮೊದಲು ಪೂರೈಕೆಯ ಸಮಯ ಬದಲಿಸಿ, ಆಮೇಲೆ ಸಿಡಿಯಲು ಬೇಕಾದ ಕನಿಷ್ಠ ದೂರ, ಆಮೇಲೆ ತ್ರಿಜ್ಯ, ಎಲ್ಲ ಸೋತ ಮೇಲೆ ಏಟು. ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲದಿದ್ದರೆ ಯಾವುದು ಫಲ ಕೊಟ್ಟಿತು ಎಂದು ತಿಳಿಯುವುದಿಲ್ಲ. ಪರೀಕ್ಷೆಯನ್ನು ನಿಮ್ಮ ಅತಿ ಇಕ್ಕಟ್ಟಿನ ಭೂಪಟದಲ್ಲಿ, ಪೂರ್ತಿ ಜನ ತುಂಬಿಸಿ ಮಾಡಿ. ಮದ್ದು ಹಂಚುವ ಕ್ಲಾಸಿಗೆ ದೊಡ್ಡ ಸ್ಫೋಟಕ ಕೊಡಬೇಡಿ, ದೊಡ್ಡ ಸ್ಫೋಟಕ ಹೊತ್ತ ಕ್ಲಾಸಿಗೆ ಮದ್ದಿನ ಪೆಟ್ಟಿಗೆ ಕೊಡಬೇಡಿ. ಬಿಎಂಪಿ-2 ಮಾಡುವುದಾದರೆ ಅದರೊಳಗಿನ ಹತ್ತು ಆಸನಗಳನ್ನೂ ಮಾಡಿ, ಒಬ್ಬನೇ ಕುಳಿತು ಓಡಿಸಿ, ಗುಂಡು ಹೊಡೆದು, ಕ್ಷಿಪಣಿಯನ್ನೂ ಬಿಡಲು ಬರದಂತೆ ನೋಡಿಕೊಳ್ಳಿ.